ನಲವತ್ತೊಂದನೇ ಸತ್ಯ ಮತ್ತು ಚಂದ್ರವ್ವನ ಚಪ್ಪಲಿ

ಮದುಮಗ ನಡೆಯುತ್ತಿದ್ದಾನೆ. ಮಂದಿ ಎಣಿಸುತ್ತಿದ್ದಾರೆ.

“ಒಂದ್ ಸುಳ್ಳ!”

ಕರ್ರ್.

“ಎರಡ್ ಸುಳ್ಳ!”

ಕರ್ರ್.

“ಮೂರ್ ಸುಳ್ಳ!”

ಹಿಂದಿನಿಂದ ಸೀಟಿ. ಎರಡೂ ಬದಿಗೆ ಮೊಬೈಲು ಹಿಡಿದ ಕೈಗಳು. ನಡುವೆ ಹೊಸ ಚಪ್ಪಲಿ ಹಾಕಿಕೊಂಡ ನನ್ನ ಅಳಿಯ ಪ್ರವೀಣ, ಅಂದರೆ ನನ್ನ ಅಕ್ಕನ ಮಗ, ನಗು ತಡೆಯಲಾಗದೆ ಹಲ್ಲು ಕಿಸಿಯುತ್ತ ಹೆಜ್ಜೆ ಹಾಕುತ್ತಿದ್ದಾನೆ. ಪಕ್ಕದಲ್ಲಿ ಆ ಚಪ್ಪಲಿ ಹೊಲಿದ ಚಂದ್ರವ್ವ ನಿಂತಿದ್ದಾಳೆ. ಈ ಜನ ಏನು ಎಣಿಸುತ್ತಿದ್ದಾರೆಂದು ಅವಳಿಗೆ ಗೊತ್ತಿಲ್ಲ. ಮದುವೆ ಮನೆಯಲ್ಲವೇ, ಏನೋ ಖುಷಿಗೆ ಕೂಗುತ್ತಿರಬೇಕು ಅಂದುಕೊಂಡು ಅವಳೂ ನಗುತ್ತಿದ್ದಾಳೆ.

ಇದು ನಡೆದದ್ದು ಹೋದ ತಿಂಗಳು, ರಾಯಬಾಗದ ಒಂದು ಕಲ್ಯಾಣ ಮಂಟಪದಲ್ಲಿ. ಅಲ್ಲಿಂದ ಬಂದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಬಿಪಿ ಗುಳಿಗೆ ಇನ್ನೊಂದು ನುಂಗಲೇ ಎಂದು ಡಾಕ್ಟರನ್ನು ಕೇಳಿದೆ. “ಸ್ವಲ್ಪ ದಿನ ಬರಿಯೂದ ಬಿಡ್ರಿ” ಅಂದರು. ಬಿಡುವುದಿಲ್ಲ. ಇವತ್ತು ಬರೆದೇ ತೀರುತ್ತೇನೆ.

ಮೊದಲು ಆ ಹೆಜ್ಜೆಗಳ ವಿಷಯ ಹೇಳಬೇಕು.

ನಮ್ಮ ಅಕ್ಕನ ಗಂಡನ ಮನೆಯಲ್ಲಿ ಒಂದು ಪದ್ಧತಿ ಇದೆ. ಮದುಮಗನ ಚಪ್ಪಲಿಯನ್ನು ಅಂಗಡಿಯಿಂದ ತರುವ ಹಾಗಿಲ್ಲ. ಅಥಣಿಯ ಚಂದ್ರವ್ವನ ಮನೆಯವರೇ ಹೊಲಿಯಬೇಕು. ನಮ್ಮ ಭಾವನ ಮದುವೆಗೆ ಹೊಲಿದವಳು ಅವಳ ಅತ್ತೆ. ಹೊಲಿದವರೇ ಮದುವೆಯ ದಿನ ಚಪ್ಪಲಿಯನ್ನು ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಮದುಮಗನ ಮುಂದೆ ಇಡಬೇಕು. ಅವನು ಹಾಕಿಕೊಂಡು ಎಲ್ಲರೆದುರು ಹತ್ತು ಹೆಜ್ಜೆ ನಡೆಯಬೇಕು. ಆಗ ವಾಜಂತ್ರಿ ನಿಲ್ಲುತ್ತದೆ. ಮಾತು ನಿಲ್ಲುತ್ತದೆ. ಅಳುವ ಕೂಸನ್ನು ಹೊರಗೆ ಎತ್ತಿಕೊಂಡು ಹೋಗುತ್ತಾರೆ. ಯಾಕೆ ಗೊತ್ತೇ? ಸಪ್ಪಳ ಕೇಳಬೇಕು.

ಅದೇ, ಆ ಕರಕರ ಸಪ್ಪಳ. ನಮ್ಮ ಭಾಗದವರಿಗೆ ಇದನ್ನು ವಿವರಿಸುವುದು ಬೇಡ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ನೀವು ಕೊಲ್ಹಾಪುರಿ ಎಂದು ಕೊಳ್ಳುತ್ತೀರಲ್ಲ, ಆ ಚಪ್ಪಲಿಯನ್ನು ಅಥಣಿಯ ಸುತ್ತಮುತ್ತ ಮನೆಮನೆಯಲ್ಲಿ ಹೊಲಿಯುತ್ತಾರೆ. (ಕೈ ನಮ್ಮದು, ಹೆಸರು ಅವರದು. ಅದು ಬೇರೆಯದೇ ಸಿಟ್ಟು.) ಅದು ನಡೆದಾಗ ಕರಕರ ಅನ್ನುವುದು ತಾನಾಗಿಯೇ ಅಲ್ಲ. ತಳದ ಎರಡು ಪದರ ತೊಗಲಿನ ನಡುವೆ ಒಂದು ಬಗೆಯ ಬೀಜ ಇಟ್ಟು ಹೊಲಿಯುತ್ತಾರೆ. ಎಷ್ಟು ಬೀಜ, ಎಲ್ಲಿ ಇಡಬೇಕು, ಹೊಲಿಗೆ ಎಷ್ಟು ಬಿಗಿ ಇರಬೇಕು ಎನ್ನುವುದೆಲ್ಲ ಕೈಗೇ ಗೊತ್ತಿರಬೇಕು. ಹೆಚ್ಚಾದರೆ ಅಂಗಾಲಿಗೆ ಒತ್ತುತ್ತದೆ, ಕಡಿಮೆಯಾದರೆ ಚಪ್ಪಲಿ ಮೂಕ. ನಮ್ಮ ಅಜ್ಜಂದಿರು ಹೇಳಿ ಮಾಡಿಸಿಕೊಳ್ಳುತ್ತಿದ್ದರು. ನಮ್ಮಜ್ಜ ಓಣಿಯ ತಿರುವಿನಲ್ಲಿ ಇದ್ದಾಗಲೇ ನಮ್ಮಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು.

ಹತ್ತು ಹೆಜ್ಜೆ ಮುಗಿದ ಮೇಲೆ ಹಿರಿಯರೊಬ್ಬರು “ಭಾರಿ ಮಾತಾಡ್ತಾವ ನೋಡ್ರಿ” ಅನ್ನುತ್ತಾರೆ. ಹೊಲಿದವರಿಗೆ ಸೀರೆ, ಕುಪ್ಪಸ ಕೊಡುತ್ತಾರೆ. ಮೊದಲ ಪಂಕ್ತಿಯಲ್ಲಿ ಬೀಗರ ಜೊತೆಗೇ ಊಟಕ್ಕೆ ಕೂರಿಸುತ್ತಾರೆ. ವರ್ಷದ ಉಳಿದ ದಿನ ಅದೇ ಮಂದಿಯನ್ನು ಕಟ್ಟೆಯ ಕೆಳಗೆ ನಿಲ್ಲಿಸಿ ಮಾತಾಡಿಸುವ ಜನ ನಾವು. ಮುಚ್ಚಿಟ್ಟು ಏನು ಮಾಡುವುದು? ಜಾತಿ ನಮ್ಮಲ್ಲಿ ಇನ್ನೂ ಹೊಸ್ತಿಲಲ್ಲೇ ಕೂತಿದೆ. ಆದರೆ ಆ ಒಂದು ದಿನ, ಆ ಹತ್ತು ಹೆಜ್ಜೆ ಮಾತ್ರ ಹೊಲಿದವರದು.

ಅದನ್ನೂ ನಾವು ಬಿಡಲಿಲ್ಲ.

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ. ನನ್ನ ಗೆಳೆಯ ನೇಮಣ್ಣ ಕಾಗವಾಡದವನು. ಮೂವತ್ತು ವರ್ಷ ಮಾಸ್ತರಕಿ ಮಾಡಿ ನಿವೃತ್ತನಾದವನು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ, ಇರುವೆ ಕಂಡರೆ ದಾಟಿ ಹೋಗುವ ಕಟ್ಟಾ ಜೈನ. ಅವನಿಗೆ ಇರುವ ಒಂದೇ ಚಟ ಅಂದರೆ ಸುಳ್ಳು. ಮುಖದ ಒಂದು ಗೆರೆಯೂ ಅಲ್ಲಾಡದಂತೆ ಎಂಥದ್ದಾದರೂ ಹೇಳಿಬಿಡುತ್ತಾನೆ. ಕೃಷ್ಣಾ ನದಿ ದಿಗ್ಗೇವಾಡಿಯ ಹತ್ತಿರ ಯಾಕೆ ತಿರುಗುತ್ತದೆ? ದಂಡೆಯ ಮೇಲೆ ಒಬ್ಬ ಮುದುಕಿ “ಚಾ ಕುಡದ ಹೋಗ ಬಾ” ಅಂತ ಕರೆದಿದ್ದಳು, ಅದಕ್ಕೆ. ನಿಪ್ಪಾಣಿಯ ಸೊಳ್ಳೆಗಳಿಗೆ ತಂಬಾಕಿನ ಚಟ ಇದೆ, ಶ್ರಾವಣದಲ್ಲಿ ಮಾತ್ರ ಬಿಡುತ್ತವೆ. ಕಾಗವಾಡದ ದ್ರಾಕ್ಷಿಗೆ ಮರಾಠಿಯಲ್ಲಿ ಬೈದರೆ ಹುಳಿಯಾಗುತ್ತದೆ, ಕನ್ನಡದಲ್ಲಿ ಬೈದರೆ ಒಣದ್ರಾಕ್ಷಿ ಆಗಿಬಿಡುತ್ತದೆ.

ಇಂಥವು ನೂರು ಕೂಡಿಸಿ ಅವನು ಒಂದು ಸಣ್ಣ ಪುಸ್ತಕ ಮಾಡಿದ. ಹೆಸರು “ನೂರಕ್ಕೆ ನೂರು ಖರೆ”. ಒಂದೊಂದು ಸುಳ್ಳಿಗೂ ಒಂದೊಂದು ನಂಬರು, ಪ್ರತಿಯೊಂದಕ್ಕೂ ‘ಸತ್ಯ’ ಎಂಬ ತಲೆಬರಹ. ಮುನ್ನುಡಿ ನನ್ನದು. ಇದರಲ್ಲಿರುವ ಎಲ್ಲ ಸತ್ಯಗಳನ್ನೂ ನನ್ನ ಮೇಲೆ ಪ್ರಯೋಗಿಸಿ ನೋಡಲಾಗಿದೆ ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದೆ.

ನಾವಿಬ್ಬರೂ ಅದು ನೆಂಟರ ಮನೆಯ ಕಪಾಟಿನಲ್ಲಿ ಧೂಳು ತಿನ್ನುತ್ತದೆ ಅಂದುಕೊಂಡಿದ್ದೆವು. ಆದದ್ದೇ ಬೇರೆ. ಯಾರೋ ಒಂದು ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಇನ್ಯಾರೋ ಓದಿ ರೀಲ್ ಮಾಡಿದರು. ನೋಡನೋಡುತ್ತಲೇ ಚಿಕ್ಕೋಡಿಯಲ್ಲೊಂದು, ಅಥಣಿಯಲ್ಲೊಂದು, ರಾಯಬಾಗದಲ್ಲೊಂದು ‘ಖರೆ ಬಳಗ’ ಹುಟ್ಟಿತು. ಟೀ ಶರ್ಟು ಬಂತು. ಒಬ್ಬರಿಗೊಬ್ಬರು ಭೇಟಿಯಾದರೆ “ಖರೆ ಏನ್ರೀ?” ಎನ್ನಬೇಕು, ಎದುರಿನವರು “ನೂರಕ್ಕೆ ನೂರು!” ಎನ್ನಬೇಕು. ನಿಪ್ಪಾಣಿ ಬಸ್ಸಿನಲ್ಲಿ ನನ್ನ ಪಕ್ಕ ಕೂತವರಿಬ್ಬರು ಬರೀ ನಂಬರು ಹೇಳಿಕೊಂಡು ಸಂಕೇಶ್ವರದವರೆಗೆ ನಕ್ಕರು. ಮುನ್ನುಡಿ ಬರೆದವನು ನಾನೇ ಎಂದು ಹೇಳಿಕೊಳ್ಳಲು ನನಗೆ ಬಾಯಿ ತುರಿಸುತ್ತಿತ್ತು. (ಹೇಳಿದೆ. ಸೆಲ್ಫಿ ತೆಗೆದುಕೊಂಡರು.)

ಆ ನೂರರಲ್ಲಿ ಸೂಪರ್ ಹಿಟ್ ಯಾವುದು ಗೊತ್ತೇ? ನಲವತ್ತೊಂದನೇ ಸತ್ಯ. ಅದು ಹೀಗಿದೆ: “ಅಥಣಿಯ ಚಪ್ಪಲಿ ಕರಕರ ಅನ್ನುವುದು ತೊಗಲಿನಿಂದಲ್ಲ. ಹೊಲಿಯುವಾಗ ಹೊಲಿದವರು ಎಷ್ಟು ಸುಳ್ಳು ಹೇಳಿದ್ದಾರೋ ಅಷ್ಟು ಸಲ ಅದು ಕರಕರ ಅನ್ನುತ್ತದೆ.”

ಈಗ ಕಲ್ಯಾಣ ಮಂಟಪಕ್ಕೆ ವಾಪಸ್ ಬನ್ನಿ.

ಮೈಕು ಹಿಡಿದವನು ಸಚಿನ್. ನನ್ನ ಅಳಿಯನ ದೋಸ್ತ. ಗೊಬ್ಬರದ ಅಂಗಡಿ ಇದೆ, ರಾಯಬಾಗದ ಖರೆ ಬಳಗಕ್ಕೆ ಅವನೇ ಅಧ್ಯಕ್ಷ. ಎಣಿಸುವ ಐಡಿಯಾ ಅವನದೇ. ಹತ್ತನೇ ಹೆಜ್ಜೆಗೆ “ಹತ್ತ್ ಸುಳ್ಳ!” ಎಂದು ಮಂಟಪ ಹಾರಿಹೋಗುವಂತೆ ಕೂಗಿದರು. ಸಚಿನ್ ಮೈಕನ್ನು ಚಂದ್ರವ್ವನ ಬಾಯಿಗೇ ಹಿಡಿದ.

“ಯವ್ವಾ, ಹತ್ತ್ ಸುಳ್ಳ ಹೇಳೀರಿ. ಒಂದರ ಒಪ್ಕೋರಿ ನೋಡೂಣು!”

ಚಂದ್ರವ್ವನ ಮುಖದ ಮೇಲಿನ ನಗು ಅಲ್ಲಿಗೇ ನಿಂತಿತು.

“ಏನ್ ಸುಳ್ಳರಿ?”

“ಚಪ್ಪಲ ಹೇಳಾಕತ್ತಾವಲ್ರೀ. ಹೊಲಿಯೂ ಮುಂದ ಹೇಳೀರಿ.”

“ಇಲ್ರಿ ಯಪ್ಪಾ. ನಾ ಏನೂ ಸುಳ್ಳ ಹೇಳಿಲ್ರಿ.”

ಮಂದಿ ನಕ್ಕರು. ಅವಳು ಗಾಬರಿಯಾದಳು. ಯಾವುದೋ ದೂರು ಬಂದಿದೆ ಎಂದೇ ತಿಳಿದಳು. ಕೈ ಮುಗಿದು, “ನಮ್ಮತ್ತಿ ಆಣಿರಿ, ತೊಗಲ ಚೊಲೋದ ಹಾಕೀನ್ರಿ” ಅಂದಳು. ಅವಳು ಆಣೆ ಇಟ್ಟಷ್ಟೂ ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ದನಿ ನಡುಗಿದಷ್ಟೂ ಮೊಬೈಲುಗಳು ಹತ್ತಿರ ಬಂದವು. ಒಬ್ಬರೂ, ಒಬ್ಬರೇ ಒಬ್ಬರೂ, “ಇದು ಒಂದು ಪುಸ್ತಕದ ತಮಾಷೆ ಅವ್ವಾ” ಎಂದು ಅವಳಿಗೆ ಹೇಳಲಿಲ್ಲ.

ಕೇಸರಿ ಫೇಟಾ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ ಈ ಅಂಕಣಕಾರ ಏನು ಮಾಡಿದ? ಕೇಳಿ. ಅವನೂ ನಕ್ಕ. ಜೋರಾಗಿ ಅಲ್ಲ, ಮುಗುಳ್ನಗೆ. ಅದು ಇನ್ನೂ ಕೊಳಕು.

ಸೀರೆ ಕೊಡುವ ಹೊತ್ತಿಗೆ ನಮ್ಮ ಅಕ್ಕ ಹುಡುಕಿದಳು. ಚಂದ್ರವ್ವ ಇರಲಿಲ್ಲ. ಮೊದಲ ಪಂಕ್ತಿಯಲ್ಲಿ ಅವಳ ಎಲೆಗೆ ಶಿರಾ, ಬದನೆಕಾಯಿ ಪಲ್ಯ ಬಡಿಸಿ ಆಗಿತ್ತು. ಎಲೆಯ ಮುಂದೆ ಯಾರೂ ಕೂರಲಿಲ್ಲ. ಬಸ್ ಸ್ಟ್ಯಾಂಡಿನ ಕಡೆಗೆ ಹೋದಳೆಂದು ಗೇಟಿನ ಹತ್ತಿರ ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದವನು ಹೇಳಿದ.

ಅಕ್ಕ ನನ್ನ ಹತ್ತಿರ ಬಂದಳು. “ನಮ್ಮ ಮನಿ ಮದವಿಯೊಳಗ ಉಣ್ಣಲಾರದ ಹೋಗ್ಯಾಳ ಅಕಿ. ನೀ ಇದ್ದೀ, ನಿನಗ ಬಾಯಿ ಇರಲಿಲ್ಲೇನು?” ಅಂದಳು. ಇಷ್ಟು ವರ್ಷ ವಾರವಾರ ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಇದು. ಅವತ್ತು ಬೀಗರ ಮುಂದೆ ಬಾಯಿ ತೆರೆಯಲಿಲ್ಲ.

ಸಂಜೆಯೊಳಗೆ ರೀಲ್ ಬಂತು. ಚಂದ್ರವ್ವ ಕೈ ಮುಗಿದದ್ದು, ಆಣೆ ಇಟ್ಟದ್ದು, ಕೆಳಗೆ ನಗುವ ಹಳದಿ ಮುಖಗಳು. ನನ್ನ ಮುಗುಳ್ನಗೆಯೂ ಒಂದು ಮೂಲೆಯಲ್ಲಿ ಇದೆ. ಸಚಿನನಿಗೆ ಫೋನ್ ಮಾಡಿದೆ. ತೆಗೆದುಬಿಡಪ್ಪಾ ಅಂದೆ.

“ಸರ, ತಮಾಷೆರೀ. ಯಾಕ ಸೀರಿಯಸ್ ತಗೋತೀರಿ?”

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ತಮಾಷೆ ಅಂದರೆ ಏನು? ನಗುವವರು ಹತ್ತು ಮಂದಿ, ನಗೆಗೆ ಈಡಾದವಳಿಗೆ ಮಾತ್ರ ವಿಷಯವೇ ಗೊತ್ತಿಲ್ಲ. ಇದು ತಮಾಷೆಯೇ? ಅವಳಿಗೂ ಒಂದು ಪುಸ್ತಕ ಕೊಟ್ಟು, ಓದಿ ಹೇಳಿ, ಆಮೇಲೆ ಎಣಿಸಿದ್ದರೆ ಅವಳೂ ಎದುರು ಮಾತಾಡುತ್ತಿದ್ದಳು. ಚಂದ್ರವ್ವನ ಬಾಯಿ ನಿಮಗೆ ಗೊತ್ತಿಲ್ಲ. ನಮ್ಮ ಭಾವನಂಥ ಭಾವನನ್ನೇ “ನಿಮ್ಮ ಕಾಲ ಎಮ್ಮಿ ಕಾಲರಿ, ತೊಗಲ ಸಾಲಂಗಿಲ್ಲ” ಎಂದು ನಗಿಸಿದವಳು. ಆದರೆ ಅವತ್ತು ಅವಳ ಸರದಿ ಬರಲೇ ಇಲ್ಲ.

ಈಗ ನಾಚಿಕೆಯ ವಿಷಯ. ಆ ನಲವತ್ತೊಂದನೇದನ್ನು ಬರೆದವನು ನೇಮಣ್ಣ ಅಲ್ಲ.

ನಾನು.

ಪುಸ್ತಕ ಪ್ರೆಸ್ಸಿಗೆ ಹೋಗುವ ಮುನ್ನ ಅವನ ಬಳಿ ತೊಂಬತ್ತೊಂಬತ್ತು ಇದ್ದವು. ಅವನ ಮನೆಯ ಕಟ್ಟೆಯ ಮೇಲೆ ಚುರಮುರಿ ತಿನ್ನುತ್ತ ಕೂತಿದ್ದೆವು. ಒಂದು ಕಡಿಮೆ ಬಿದ್ದಿದೆ ಅಂದ. ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿ ಕಣ್ಣಿಗೆ ಬಿತ್ತು. ಐದು ನಿಮಿಷವೂ ಹಿಡಿಯಲಿಲ್ಲ. ಬೀಜ ಇಡುವ ಗುಟ್ಟು ನನಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಅಥಣಿಗೆ ಹೋದಾಗ ಚಂದ್ರವ್ವನ ಅತ್ತೆ ಬೀಜ ಇಡುವುದನ್ನು ಪಕ್ಕ ಕೂತು ನೋಡಿದವನು ನಾನು. ಗೊತ್ತಿದ್ದೇ ಬರೆದೆ. ನೇಮಣ್ಣ, “ಚಪ್ಪಲಾ ಹೊಲಿಯೂ ಮಂದಿ ಬ್ಯಾಸರ ಮಾಡ್ಕೋತಾರೇನಲೇ?” ಎಂದು ಕೇಳಿದ್ದ. “ಅವರೇನ್ ಪುಸ್ತಕಾ ಓದ್ತಾರೇನೋ” ಎಂದಿದ್ದೆ.

ಅಂದಿದ್ದೆ. ಇದೇ ಬಾಯಿಂದ.

ಒಂದು ವಾರ ಬಿಟ್ಟು ಅಥಣಿಗೆ ಹೋದೆ. ಮಧ್ಯಾಹ್ನದ ಹೊತ್ತು. ಚಂದ್ರವ್ವ ಮನೆಯ ಮುಂದಿನ ನೆರಳಲ್ಲಿ ಕೆಲಸಕ್ಕೆ ಕೂತಿದ್ದಳು. ಗಂಡ ಇದ್ದಾಗ ಅವನು ತಳ ಕೊಯ್ಯುತ್ತಿದ್ದ, ಈಕೆ ಮೇಲಿನ ಪಟ್ಟಿ ಹೆಣೆಯುತ್ತಿದ್ದಳು. ಅವನು ಹೋದ ಮೇಲೆ ಎರಡೂ ಈಕೆಯದೇ. “ಬರ್ರಿ ಅಣ್ಣಾರ” ಎಂದು ಎದ್ದು ಚಾಪೆ ಹಾಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕ ಕಳಿಸಿದ ಸೀರೆ ಮುಂದಿಟ್ಟೆ. “ಅವತ್ತ ಉಣ್ಣಲಾರದ ಬಂದಿ” ಅಂದೆ.

“ಹಸಿವಿ ಇರಲಿಲ್ರಿ.”

ಸೀರೆಯನ್ನು ಬದಿಗಿಟ್ಟು ಮತ್ತೆ ಕೆಲಸಕ್ಕೆ ಕೂತಳು. ಆಮೇಲೆ ಅವಳೇ ಶುರು ಮಾಡಿದಳು.

“ಬಸ್ಸಿನಾಗ ಕುಂತ ನೆನಸ್ಕೋತ ಬಂದ್ನಿರಿ. ಖರೇನ ಏನರ ಸುಳ್ಳ ಹೇಳೀನೇನು ಅಂತ. ತೊಗಲ ಜಾಲಿ ತೊಗಟಿಯೊಳಗ ಹದಾ ಮಾಡಿದ್ದ ಐತಿ ಅಂದಿದ್ನಿ, ಅದು ಖರೇನ ಐತ್ರಿ. ಎಂಟ್ ದಿನದಾಗ ಮುಗಸ್ತೀನಿ ಅಂದಿದ್ನಿ, ಮುಗಿಸೀನಿ. ಅಳತಿ ನಾನ ಬಂದ ತಗೊಂಡೀನಿ. ಮತ್ತ ಯಾವುದ ಸುಳ್ಳರಿ ಅಣ್ಣಾರ?”

ಓದುಗರೇ, ರಾಯಬಾಗದಿಂದ ಅಥಣಿಯವರೆಗೆ ಒಂದು ಹೆಂಗಸು ತನ್ನ ಮಾತನ್ನೆಲ್ಲ ಒಂದೊಂದಾಗಿ ತೆಗೆದು ತಪಾಸು ಮಾಡಿಕೊಂಡಿದ್ದಾಳೆ. ನಾನು ಐದು ನಿಮಿಷದಲ್ಲಿ ಚುರಮುರಿ ತಿನ್ನುತ್ತ ಬರೆದ ಒಂದು ಸಾಲಿಗೆ. ನನ್ನ ಹತ್ತಿರ ಅಂಥ ತಪಾಸಣೆಗೆ ನಿಲ್ಲುವ ಮಾತು ಎಷ್ಟಿವೆ?

ಅವಳ ಪಕ್ಕದಲ್ಲಿ ಚಪ್ಪಲಿಗಳ ಒಂದು ರಾಶಿ ಇತ್ತು. ಹೊಸವು. ಆದರೆ ತಳದ ಹೊಲಿಗೆ ಬಿಚ್ಚಿತ್ತು. ಅವಳ ಕೈಯಲ್ಲಿದ್ದ ಜೋಡಿಯ ಹೊಲಿಗೆಯನ್ನೂ ತೊಗಲು ಕೊಯ್ಯುವ ರಂಪಿಗೆಯ ಮೊನೆಯಿಂದ ಬಿಡಿಸಿ, ಒಳಗಿನ ಬೀಜ ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದಳು.

“ಇದೇನ ಮಾಡಾಕತ್ತೀ?”

“ಸಪ್ಪಳ ಬ್ಯಾಡಂತರಿ. ಅಂಗಡಿಯವ್ರು ಹೊಳ್ಳಿ ಕಳಿಸ್ಯಾರ. ಸಪ್ಪಳ ಬಂದ್ರ ಮಂದಿ ನಗತಾರಂತ. ಗಿರಾಕಿ ಹಾಕ್ಕೊಂಡ ನೋಡಿ, ಎಣಿಸಿ, ನಕ್ಕ ಬಿಟ್ಟ ಹೋಗ್ತಾರಂತ.” ಬೀಜ ಡಬ್ಬಿಗೆ ಬಿತ್ತು. “ನಮ್ಮ ಸೊಸಿ ಈ ಕೆಲಸಾ ಕಲಿತೀನಿ ಅಂತ ಗಂಟ ಬಿದ್ದಿದ್ಲು. ಈಗ ಒಲ್ಲೆ ಅಂತಾಳ. ಹೊಲಿದ ಹೊಲಿದ ಸುಳ್ಳಬುರಕಿ ಅನ್ನಿಸ್ಕೋಬೇಕೇನು ಅಂತಾಳ.”

ಬಿಚ್ಚಿದ ಹೊಲಿಗೆಯ ಚಪ್ಪಲಿ ಒಂದನ್ನು ಎತ್ತಿ ನೋಡಿದೆ. ತೊಗಲಿನ ಮೇಲೆ ಬೀಜ ಕೂತಿದ್ದ ಗುಳಿಗಳು ಹಾಗೇ ಉಳಿದಿದ್ದವು.

ಅಲ್ಲಿಯೇ ಹೇಳಿದೆ. “ಚಂದ್ರವ್ವಾ, ಆ ಮಾತ ಬರದಾಂವ ನಾನ.”

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು.

“ಯಾಕ್ರಿ?”

ಇದೊಂದು ಪ್ರಶ್ನೆಗೆ ನಾನು ಬಸ್ಸಿನಲ್ಲಿ ಉತ್ತರ ತಯಾರು ಮಾಡಿಕೊಂಡು ಹೋಗಿದ್ದೆ. ಉದ್ದನೆಯದು. ಹಾಸ್ಯ, ಉದ್ದೇಶ, ಜನರ ತಪ್ಪು ತಿಳಿವಳಿಕೆ, ಏನೇನೋ. ಬಾಯಿಗೆ ಬಂದದ್ದು ಒಂದೇ ಮಾತು. “ನಗಲಿಕ್ಕ.”

“ನಗೂದಿದ್ರ ನನಗೂ ಹೇಳಬೇಕಿತ್ರಿ” ಅಂದಳು. “ನಾನೂ ನಗತಿದ್ನಿ.”

ಒಳಗಿನಿಂದ ಸೊಸೆ ಚಹಾ ತಂದಿಟ್ಟು, ನನ್ನತ್ತ ನೋಡದೆ ಹೋದಳು. ಕೊನೆಗೆ, “ನನಗ ಒಂದ ಜೋಡ ಮಾಡಿ ಕೊಡವಾ. ಸಪ್ಪಳ ಜೋರ ಬರಬೇಕು. ನಮ್ಮಜ್ಜನ ಚಪ್ಪಲದಾಂಗ” ಅಂದೆ.

“ಬ್ಯಾಡ್ರಿ. ಈಗ ಯಾರಿಗೂ ಬ್ಯಾಡ ಅದು.”

“ನನಗ ಬೇಕು.”

ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು. “ಮಾಡ್ತೀನ್ರಿ. ಆದ್ರ ಸುಳ್ಳ ಯಾರ್ ಹೇಳ್ಯಾರ ಅಂತ ಮಂದಿ ಕೇಳಿದ್ರ ನೀವ ಹೇಳಬೇಕು. ನಾ ಬರಂಗಿಲ್ಲ. ಇನ್ನ ಮದವಿಗೂ ನಾ ಬರಂಗಿಲ್ರಿ, ಚಪ್ಪಲಾ ಯಾರ ಕೈಯಾಗರ ಕಳಸ್ತೀನಿ ಅಂತ ಅಕ್ಕಾರಿಗೂ ಹೇಳಿಬಿಡ್ರಿ.”

ಅಲ್ಲಿಂದ ಸೀದಾ ಕಾಗವಾಡಕ್ಕೆ ಹೋದೆ. ನೇಮಣ್ಣ ರೀಲ್ ನೋಡಿದ್ದ. ಎರಡು ದಿನ ಊಟ ಬಿಟ್ಟಿದ್ದ. (ಅವನ ಮನೆಯಲ್ಲಿ ಉಪವಾಸಕ್ಕೆ ಕಾರಣ ಕೇಳುವುದಿಲ್ಲ, ಹಾಗಾಗಿ ಹೆಂಡತಿಗೂ ತಿಳಿದಿರಲಿಲ್ಲ.) ಮುಂದಿನ ಮುದ್ರಣದಲ್ಲಿ ನಲವತ್ತೊಂದನ್ನು ತೆಗೆಯುತ್ತೇನೆಂದು ಬಳಗದ ಗ್ರೂಪಿನಲ್ಲಿ ಅವನು ಬರೆದಿದ್ದ. ಉತ್ತರ ಏನು ಬಂದಿತ್ತು ಗೊತ್ತೇ? ಫೋನ್ ನನ್ನ ಕೈಗೆ ಕೊಟ್ಟ. ಸಚಿನ್ ಬರೆದಿದ್ದ: “ಸರ, ನಲವತ್ತೊಂದ ತಗದ್ರ ಉಳಿಯೂದ ಏನ್ರೀ? ಪುಸ್ತಕ ಈಗ ನಿಮ್ದ ಅಲ್ರಿ, ನಮ್ದ.” ಅದರ ಕೆಳಗೆ ಹೆಬ್ಬೆರಳುಗಳ ಮೆರವಣಿಗೆ. ಒಬ್ಬನಂತೂ ನೇಮಣ್ಣನಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದಿದ್ದ. ತೊಂಬತ್ತೊಂಬತ್ತು ಸುಳ್ಳು ಹುಟ್ಟಿಸಿದ ನೇಮಣ್ಣನಿಗೆ!

“ನನ್ನ ಮಾತ ನಡ್ಯಾಂಗಿಲ್ಲಲೇ ಈಗ” ಅಂದ ನೇಮಣ್ಣ. ಹಡೆದವನನ್ನೇ ಮನೆಯಿಂದ ಹೊರಗೆ ಹಾಕಿದ ಹಾಗೆ ಕೂತಿದ್ದ.

ಹೋದ ಭಾನುವಾರ ಬೆಳಿಗ್ಗೆ ನಮ್ಮ ಚಿಕ್ಕೋಡಿಯಲ್ಲಿ ಎಲ್ಲ ಬಳಗಗಳ ಕೂಡು ಸಭೆ ಇತ್ತು. ಒಂದು ಹೋಟೆಲಿನ ಮಾಳಿಗೆಯ ಹಾಲ್. ಹಿಂದಿನ ದಿನವೇ ಚಂದ್ರವ್ವನ ಚಪ್ಪಲಿ ಬಂದಿತ್ತು. ಬಸ್ಸಿನವರ ಕೈಯಲ್ಲಿ ಕಳಿಸಿದ್ದಳು. ಹಾಕಿಕೊಂಡು ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂದರು. ಬಿಡುವುದಿಲ್ಲ ಅಂದೆ.

ಬಾಗಿಲಿನಿಂದ ವೇದಿಕೆಯವರೆಗೆ ನಡೆದೆ. ಏನು ಸಪ್ಪಳ ಅಂತೀರಿ! ಸಿಮೆಂಟಿನ ನೆಲ, ಖಾಲಿ ಗೋಡೆ, ಇಡೀ ಹಾಲ್ ತುಂಬಿತು. ಅರ್ಧ ಸೆಕೆಂಡು ಎಲ್ಲರೂ ತಿರುಗಿ ನೋಡಿದರು. ಆಮೇಲೆ ಶುರು.

“ಒಂದ್ ಸುಳ್ಳ! ಎರಡ್ ಸುಳ್ಳ!”

ಹದಿನಾಲ್ಕಕ್ಕೆ ವೇದಿಕೆ ಮುಟ್ಟಿದೆ. ಮೈಕು ಸಚಿನನ ಕೈಯಲ್ಲೇ ಇತ್ತು, ಇಸಿದುಕೊಂಡೆ.

“ಹದಿನಾಲ್ಕೂ ನನ್ನವ” ಅಂದೆ. “ಚಂದ್ರವ್ವ ಒಂದೂ ಹೇಳಿಲ್ಲ. ನಲವತ್ತೊಂದನೇದ ಬರದಾಂವ ನಾನ. ಸಪ್ಪಳ ಬರೂದ ಅಕಿ ಕೈ ಹದಾದಿಂದ. ಅದು ನನಗ ಗೊತ್ತಿತ್ತು. ಇಲ್ಲಿ ಕುಂತ ನಿಮ್ಮೆಲ್ಲಾರಿಗೂ ಗೊತ್ತೈತಿ. ನಿಮ್ಮ ಮುತ್ಯಾಗೋಳು ಈ ಸಪ್ಪಳಾ ಕೇಳಿ ಮಾಡಿಸ್ಕೊಂಡಾರ. ಗೊತ್ತಿದ್ದೂ ಅಕಿನ್ನ ಅಳಸೀವಿ.”

ಹಾಲ್ ಸ್ತಬ್ಧವಾಗುತ್ತದೆ, ಯಾರಾದರೂ ತಲೆ ತಗ್ಗಿಸುತ್ತಾರೆ ಅಂದುಕೊಂಡಿದ್ದೆ. ಚಪ್ಪಾಳೆ! ಸೀಟಿ! “ಲಯ್ ಭಾರಿ ಸರ!” ಎಂದು ಹಿಂದಿನಿಂದ ಒಬ್ಬ ಕೂಗಿದ. “ಇದನ್ನ ನೂರಾ ಒಂದನೇದ ಮಾಡೂಣು!” ಎಂದ ಇನ್ನೊಬ್ಬ. ನಾನು ಕ್ಷಮೆ ಕೇಳುತ್ತಿದ್ದೇನೆ, ಅವರು ಅದನ್ನೂ ರೀಲ್ ಮಾಡುತ್ತಿದ್ದಾರೆ. ಮೂಲೆಯಲ್ಲಿ ಹಸ್ತಾಕ್ಷರ ಹಾಕಲು ಕೂರಿಸಿದ್ದ ನೇಮಣ್ಣ ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತ.

ನನ್ನ ತಲೆ ಕೆಟ್ಟಿತು. ಪುಸ್ತಕ ತೆಗೆದು ಹನ್ನೆರಡನೇ ಸತ್ಯವನ್ನು ಗಟ್ಟಿಯಾಗಿ ಓದಿದೆ: “ಸಕ್ಕರೆ ಕಾರ್ಖಾನೆಯ ತೂಕದ ಕಾಟಾ ನಮ್ಮ ನೆಲದ ಮೇಲೆ ಇಲ್ಲ, ಚಂದ್ರನ ಮೇಲೆ ಇದೆ. ಅದಕ್ಕೇ ಕಬ್ಬು ಅಲ್ಲಿ ಹಗುರ.”

ಎಲ್ಲರೂ ನಕ್ಕರು. ಇದೂ ಅವರಿಗೆ ಬಾಯಿಪಾಠ.

“ನಗ್ರಿ. ಇದೂ ಪುಸ್ತಕದಾಗ ಐತಿ, ಇದೂ ನಿಮ್ದ” ಅಂದೆ. “ಈಗ ಸೀಜನ್ ನಡದೈತಿ. ನಾಳೆ ಮುಂಜಾನೆ ಎಲ್ಲಾರೂ ಕೂಡಿ ಹೋಗೂಣು. ಟ್ರ್ಯಾಕ್ಟರ್ ಕಾಟಾದ ಮ್ಯಾಲೆ ಹತ್ತಿದ ಕೂಡ್ಲೆ ಹಿಂಗ ಎರಡೂ ಬಾಜೂ ನಿಲ್ಲೂಣು. ಮೊಬೈಲ್ ಹಿಡಿಯೂಣು. ಸೀಟಿ ಹೊಡಿಯೂಣು. ಒಂದ್ ಸುಳ್ಳ, ಎರಡ್ ಸುಳ್ಳ ಅಂತ ಹಿಂಗ ಎಣಸೂಣು. ಕಾಟಾ ನೋಡ್ಕೊಳ್ಳೂ ಸಾಹೇಬರ ಬಾಯಿಗೆ ಮೈಕ್ ಹಿಡದು, ಒಂದರ ಒಪ್ಕೋರಿ ಅನ್ನೂಣು. ಸಚಿನ್, ಮೈಕ್ ನೀನ ಹಿಡಿ. ನಾ ಇದ ಚಪ್ಪಲಾ ಹಾಕ್ಕೊಂಡ ಮುಂದ ನಡೀತೀನಿ. ಯಾರ್ಯಾರ್ ಬರ್ತೀರಿ, ಕೈ ಎತ್ರಿ.”

ಒಂದೂ ಕೈ ಏಳಲಿಲ್ಲ. ಸೀಟಿ ಇಲ್ಲ. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಅಲ್ಲಿ ಕೂತವರಲ್ಲಿ ಹೆಚ್ಚಿನವರ ಕಬ್ಬು ಹೊಲದಲ್ಲಿ ನಿಂತಿದೆ, ಯಾವಾಗ ಕಡಿದು ಕಳಿಸಬೇಕೆಂದು ಹೇಳುವವರು ಕಾರ್ಖಾನೆಯವರೇ. ಅವರ ಎದುರು ನಕ್ಕರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಚಂದ್ರವ್ವನ ಎದುರು ನಕ್ಕರೆ ಏನೂ ಆಗುವುದಿಲ್ಲ ಎಂಬುದೂ ಗೊತ್ತು.

ಸಚಿನ್ ನನ್ನ ಹತ್ತಿರ ಬಂದ. ಮೈಕಿಗೆ ಕೈ ಅಡ್ಡ ಹಿಡಿದು, ದನಿ ತಗ್ಗಿಸಿ, “ಸರ, ಅದೆಲ್ಲಾ ಬ್ಯಾಡ್ರಿ. ಅದು ಬರೇ ಪುಸ್ತಕದಾಗಿನ ಜೋಕ್ ಐತ್ರಿ” ಅಂದ.

ಹಂಗಾದ್ರ ಚಂದ್ರವ್ವನ ಮುಂದ ಮಾಡಿದ್ದು ಏನಿತ್ತಪಾ ಸಚಿನ್?